ಬ್ಯಾಡಗಿಯ ಮೊದಲ ಬೋರ್ಡು

ರಾಣೆಬೆನ್ನೂರಿನ ತಮ್ಮ ಅಂಗಡಿಯಲ್ಲಿ ಸಾಜಿಯಾ ಹೊಸ ಬೋರ್ಡಿನ ಅಕ್ಷರಗಳ ಸಂದಿಯಲ್ಲಿ ಕೂತ ಧೂಳನ್ನು ಹಳೆಯ ಬನಿಯನ್ ಚೂರಿನಿಂದ ಒರೆಸುತ್ತಿದ್ದಳು. ತಂದೆ ಕಾಸೀಮಸಾಬ ಹೊಸ್ತಿಲ ಬಳಿ ಕೂತು ಅದನ್ನೇ ನೋಡುತ್ತಿದ್ದ.

ಕಾಸೀಮಸಾಬ ಜೀವಮಾನವೆಲ್ಲ ಕುಂಚ ಹಿಡಿದು ಬೋರ್ಡು ಬರೆದವನು. ಕೈ ನಡುಗತೊಡಗಿದ ಮೇಲೆ ಮಗಳ ಹಟಕ್ಕೆ ಸೋತು, ದೀಪದ ಬೋರ್ಡು ಮಾಡುವ ಹುಬ್ಬಳ್ಳಿಯ ಕಂಪನಿಯೊಂದರ ಫ್ರಾಂಚೈಸಿಗೆ ಸಹಿ ಹಾಕಿದ್ದ. ಕಂಪನಿಯದು ಒಂದೇ ಷರತ್ತು. ಮೊದಲ ಬೋರ್ಡು ಬೆಳಗುವುದನ್ನು ಅವರ ಮನುಷ್ಯ ಬಂದು ಕಣ್ಣಾರೆ ನೋಡಬೇಕು. ಒಪ್ಪಿದರೆ ಹಾವೇರಿ ಜಿಲ್ಲೆಯ ಕೆಲಸ ಇವರದು, ಇಲ್ಲವಾದರೆ ಸಾಲಿನಲ್ಲಿ ಕಾದಿರುವ ಇನ್ನೊಬ್ಬರದು.

ಏಳನೆಯ ತರಗತಿಗೇ ಶಾಲೆ ಬಿಟ್ಟ ಸಾಜಿಯಾ ಗಿರಾಕಿ ಬಂದರೆ ಒಳಗೆ ಸರಿಯುವವಳು. ಹುಬ್ಬಳ್ಳಿಯಲ್ಲಿ ತರಬೇತಿ ಕೊಟ್ಟಾಗಲೂ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಕೂತಲ್ಲಿಂದಲೇ ಎಲ್ಲವನ್ನೂ ನೋಡಿ ಕಲಿತಿದ್ದಳು.

ಮರುದಿನ ಬೆಳಿಗ್ಗೆ ಬ್ಯಾಡಗಿಯಲ್ಲಿ ರುದ್ರಮುನಿಯ ಮೆಣಸಿನಕಾಯಿ ದಲಾಲಿ ಅಂಗಡಿಗೆ ಬೋರ್ಡು ಏರಿತು, ಬೆಳಗಿತು. ತಂದೆ ಮಗಳು ಊಟ ಮುಗಿಸಿ ಬರುವಷ್ಟರಲ್ಲಿ ಆರಿಹೋಗಿತ್ತು.

"ಏನಪಾ ಕಾಸೀಮಣ್ಣ," ರುದ್ರಮುನಿ ಗದ್ದುಗೆಯಿಂದಲೇ ಅಂದ. "ನಿನ್ನ ಕುಂಚದ ಬೋರ್ಡು ನಮ್ಮಪ್ಪನ ಕಾಲದಿಂದ ಬಾಳಿಕಿ ಬಂತು. ಮಗಳ ಬೋರ್ಡು ಊಟದ ತನಕಾನೂ ಬರ್ಲಿಲ್ಲಲ್ಲೋ."

ಚೀಲಗಳ ಮೇಲೆ ಕೂತ ಹಮಾಲರು ನಕ್ಕರು.

ಸಾಜಿಯಾ ತಲೆಯೆತ್ತಿ ನೋಡಿದಳು. ಮೊದಲ ಅಕ್ಷರದ ಮೇಲೆ ಹಸಿ ಕುಂಕುಮ, ಅದರ ಕೆಳಗೆ ನೀರಿಳಿದ ಗೆರೆ. ಬಾಗಿಲಲ್ಲಿ ರುದ್ರಮುನಿಯ ತಾಯಿ ಪ್ರೇಮವ್ವ ಕೊಬ್ಬರಿ ಚೂರು ಹಂಚುತ್ತಿದ್ದಳು.

ಕಾಸೀಮಸಾಬನಿಗೂ ತಿಳಿಯಿತು. ಮಗಳ ಕಿವಿಯಲ್ಲಿ ಅಂದ, "ಸುಮ್ನಿರು ಬೇಟಿ. ಅವರ ದೇವರ ಕೆಲಸದಾಗ ನಾವು ಬಾಯಿ ಹಾಕೂದು ಬ್ಯಾಡ. ತಪ್ಪು ನಮ್ಮದ ಅಂದುಬಿಡೂಣು."

"ಹಂಗಂದ್ರ ಕಂಪನಿಯವರ ಮುಂದನೂ ಇವರು ಅದನ್ನ ಹೇಳ್ತಾರ, ಅಬ್ಬಾ. ಕೆಲಸ ಹೋಗತೈತಿ."

ಪ್ರೇಮವ್ವನ ಎದುರು ಹೋಗಿ ನಿಂತಳು. "ಅಮ್ಮಾರ, ಬೋರ್ಡಿನ ಮ್ಯಾಲ ಕಾಯಿನೀರು ಹಾಕಿಸೀರೇನ್ರಿ?"

"ಹೂನವಾ. ಹಮಾಲ ಹೊಳಿಯಪ್ಪನ್ನ ಏಣಿ ಹತ್ತಿಸಿ ನೆತ್ತಿಮ್ಯಾಲಿಂದ ಸುರುವಿಸೇನಿ. ತಗಡಿನ ಬೋರ್ಡಿಗೂ ವರ್ಷಾ ಹಂಗ ಮಾಡ್ತಿದ್ವಿ. ಯಾಕ?"

"ಇದರಾಗ ಕರೆಂಟು ಐತ್ರಿ. ನೀರು ಒಳಗಿನ ಕರೆಂಟಿನ ಡಬ್ಬಿಗೆ ಇಳದೈತಿ, ಅದಕ್ಕ ಆರೇತಿ."

ನಗು ನಿಂತಿತು. ರುದ್ರಮುನಿ ತಕ್ಕಡಿಯ ಮೇಲಿನ ಕೈ ತೆಗೆದ. "ಅಂದ್ರ, ನಮ್ಮವ್ವ ಪೂಜಿ ಮಾಡಿದ್ದು ತಪ್ಪೇನು?"

"ಪೂಜಿ ತಪ್ಪಲ್ರಿ. ಮಳಿ ಬಂದ್ರ ತಡೀತೈತಿ, ನೆತ್ತಿಮ್ಯಾಲ ಸುರುವಿದ್ರ ತಡಿಯಾಂಗಿಲ್ಲ. ಇದನ್ನ ನಾ ಮುಂಜಾನೇನ ಹೇಳಬೇಕಿತ್ತು. ಇಷ್ಟು ಮಂದಿ ಮುಂದ ಬಾಯಿ ಬರ್ಲಿಲ್ಲ. ಆ ಡಬ್ಬಿ ಇನ್ನೊಂದು ತಂದೇನಿ, ಈಗ ಬದಲಿ ಮಾಡ್ತೇನಿ."

"ಯಾರು, ನೀನ? ಕಾಸೀಮಣ್ಣ, ಮಗಳನ್ನ ಮನಿಗೆ ಕರಕೊಂಡು ಹೋಗು. ಇದು ಹೆಣ್ಮಕ್ಕಳು ಮಾಡೂ ಕೆಲಸಲ್ಲ."

ಕಾಸೀಮಸಾಬ ನಡುಗುವ ಕೈಗಳನ್ನು ಹಿಂದೆ ಕಟ್ಟಿಕೊಂಡು ನೆಲ ನೋಡಿದ.

ಸಾಜಿಯಾಳ ಫೋನು ಗುಂಯ್‌ಗುಟ್ಟಿತು. ಬೋರ್ಡು ನೋಡಲು ಬರುವ ಕಂಪನಿಯ ಮನುಷ್ಯ ಹಾವೇರಿ ಬಿಟ್ಟಿದ್ದ, ಇನ್ನರ್ಧ ತಾಸಿನಲ್ಲಿ ಇಲ್ಲಿರುತ್ತಿದ್ದ. ಅವಳು ಒಳಗೆ ಹೋಗಿ ಮೇನ್ ಸ್ವಿಚ್ ಆರಿಸಿ ಬಂದಳು. ಯಾರೂ ತಡೆಯಲಿಲ್ಲ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಹೊಸ ಡಬ್ಬಿಯನ್ನು ಹೆಗಲಚೀಲಕ್ಕೆ ಹಾಕಿಕೊಂಡು, ಗೋಡೆಗೆ ಏಣಿ ಆನಿಸಿದಳು. ಮೆಣಸಿನಕಾಯಿ ಬೀಜ ಚೆಲ್ಲಿದ ನೆಲದ ಮೇಲೆ ಅದರ ಕಾಲು ಜಾರುತ್ತಿತ್ತು.

"ಯಾರರ ಏಣಿ ಹಿಡೀರಿ," ಅಂದಳು.

ಹಮಾಲರು ರುದ್ರಮುನಿಯ ಮುಖ ನೋಡಿದರು. ರುದ್ರಮುನಿ ಬೀದಿ ನೋಡಿದ. ಪ್ರೇಮವ್ವನ ಕೈ ಕೊಬ್ಬರಿ ತಟ್ಟೆಯಲ್ಲೇ ನಿಂತಿತ್ತು.

ಸಾಜಿಯಾ ಚಪ್ಪಲಿ ಬಿಟ್ಟು ಮೊದಲ ಮೆಟ್ಟಿಲಿಗೆ ಕಾಲಿಟ್ಟಳು, ನಂತರ ಎರಡನೆಯದಕ್ಕೆ. ಏಣಿ ಅಲುಗಿತು. ಅವಳು ಇಳಿಯಲಿಲ್ಲ. ಎಲ್ಲರಿಗೂ ಕೇಳುವಂತೆ ಮತ್ತೊಮ್ಮೆ ಅಂದಳು:

"ಏಣಿ ಹಿಡೀರಿ."