ಆಗಲಿ ಅನ್ನುವವರು

ಇಸ್ತ್ರಿ ಪೆಟ್ಟಿಗೆ ಕಾದಿದೆ, ಒದ್ದೆ ಬಟ್ಟೆಯ ಹಬೆ ಮೂಗಿಗೆ ಬಂತು, ಹಾಯೆನ್ನಿಸಿತು — ಯಾರನ್ನೂ ಕೇಳದೆ ಹಾಯೆನ್ನಿಸಿತು ನೋಡು ಮಾರಾಯ್ತಿ, ಎಂದು ಟೈಲರಮ್ಮ ತನ್ನ ಬೆನ್ನು ತಾನೇ ತಟ್ಟಿಕೊಂಡಳು, ದೇವರ ಹೆಸರಿನ ಆ ಸಭೆಯಲ್ಲಿದ್ದ ಅಷ್ಟೂ ವರ್ಷ ಎಲ್ಲಕ್ಕೂ ಅಪ್ಪಣೆ ಎಂದು ಕೇಳಿ ಕಾಯಬೇಕಿತ್ತು, ನೀರು ಕುಡಿಯಲು ಅಪ್ಪಣೆ, ಮಲಗಲು ಅಪ್ಪಣೆ, ಜ್ವರ ಬಂದರೆ ನರಳಲೂ ಅಪ್ಪಣೆ, ಹಿರಿಯರು ಆಗಲಿ ಅಂದರೆ ಸರಿ, ಅನ್ನದಿದ್ದರೆ ದೇವರೇ ಬೇಡವೆಂದ ಹಾಗೆ, ಈಗ ನೆನೆದರೆ ಮೈ ಉರಿಯುತ್ತದೆ, ಆಗ ಉರಿಯಲೂ ಇಲ್ಲ, ಅದಕ್ಕೂ ಅಪ್ಪಣೆ ಸಿಕ್ಕಿರಲಿಲ್ಲವೇನೋ — ಹೊರಗೆ ಬಂದ ಮೇಲಾದರೂ ಬಿಟ್ಟಿತೇ, ಒಂಟಿ ಕೋಣೆಯಲ್ಲಿ ತಾನೇ ಮಾಡಿಕೊಂಡ ಚಹಾದ ಮುಂದೆ ಅಪ್ಪಣೆ ಎಂದು ಕಾದು ಕೂತು, ಚಹಾ ಆರಿ, ಕೆನೆ ಕಟ್ಟಿ, ಚೆಲ್ಲಿ. ಆಮೇಲೆ ಮನಸ್ಸು ಹಗುರ ಮಾಡಿಕೊಳ್ಳಲು ಹೋದ ಕೌನ್ಸೆಲರಮ್ಮನ ಕೋಣೆಯಲ್ಲಿ ದುಂಡಗೆ ಹಾಕಿದ ಕುರ್ಚಿಗಳು, ಮೊದಲ ದಿನ ಬಿಸ್ಕತ್ತಿನ ತಟ್ಟೆ ಬಂದಾಗ ಪಕ್ಕದ ಮುದಿ ಡ್ರೈವರೂ ತಾನೂ ಒಟ್ಟಿಗೇ ಅಪ್ಪಣೆ ಅಂದದ್ದು — ಅಯ್ಯೋ, ನೀವೂ ಅಲ್ಲಿಯವರಾ — ಕೈ ಚಾಚಿ, ಒಬ್ಬರ ಆಗಲಿಗೆ ಇನ್ನೊಬ್ಬರು ಕಾಯುತ್ತ ಬೊಂಬೆಗಳ ಹಾಗೆ ಕೂತದ್ದು, ಕೊನೆಗೆ ಡ್ರೈವರು, ಅಮ್ಮಾ, ಹಿಂಗೇ ಕೂತ್ರೆ ಬಿಸ್ಕತ್ತು ಮೆತ್ತಗಾಗುತ್ತೆ, ಯಾರಾದ್ರೂ ಒಬ್ರು ಪಾಪ ಮಾಡೋಣ, ಆಹಾ, ಹೊಟ್ಟೆ ಹಿಡಿದುಕೊಂಡು ನಕ್ಕದ್ದು, ನಗುತ್ತ ನಗುತ್ತ ಯಾವಾಗ ಅಳುವಾಯಿತೋ, ಹೊರಡುವಾಗ ಕೌನ್ಸೆಲರಮ್ಮ ಅಂದದ್ದು, ಅಪ್ಪಣೆ ಅನ್ನೋ ಮಾತು ಬಾಯಿಗೆ ಬಂದಾಗಲೆಲ್ಲ ನನಗೇನು ಬೇಕು ಅಂತ ಕೇಳ್ಕೊಳ್ಳಿ, ಅಷ್ಟೇ ಸಾಕು. ಏನು ಬೇಕು — ಅದನ್ನು ಕಲಿಯಲಿಕ್ಕೇ ತಿಂಗಳುಗಟ್ಟಲೆ ಹಿಡಿಯಿತು, ಮೊದಲು ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಬೇಕು, ಆಮೇಲೆ ಕಿಟಕಿಯಿರುವ ಕೋಣೆ ಬೇಕು, ಆಮೇಲೆ ಈ ಅಂಗಡಿ, ಈ ಮಿಷನ್ನು, ಎಲ್ಲ ಬಂತು, ಖುಷಿಯಾಗಿದ್ದೇನೆ, ಸುಳ್ಳು ಯಾಕೆ ಹೇಳಲಿ, ತಂಗಿ ಒಬ್ಬಳು ಬರಲಿಲ್ಲ.

ಅವಳಿನ್ನೂ ಸಭೆಯಲ್ಲೇ, ಬಿಟ್ಟು ಹೋದವರ ಜೊತೆ ಮಾತಾಡಬಾರದು, ರಸ್ತೆಯಲ್ಲಿ ಎದುರಾದರೆ ಅಂಗಡಿಗಳ ಬೋರ್ಡು ಓದುತ್ತ ಹೋಗಿಬಿಡುತ್ತಾಳೆ, ಓದಲಿ ಪಾಪ — ಬಾಗಿಲಲ್ಲಿ ಬೆಳಕು ಮರೆಯಾಯಿತು, ಯಾರೋ ಗಿರಾಕಿ, ಗಿರಾಕಿಯೇನು ಬಂತು, ಅವಳೇ, ಸೊರಗಿದ್ದಾಳೆ, ಕೈಯಲ್ಲೊಂದು ಕೋಟು, ಗುಂಡಿ ಕಿತ್ತೋಗಿದೆ ಅಕ್ಕಾ, ಹಾಕ್ಕೊಡ್ತೀಯಾ, ಕಳ್ಳಿ, ಗುಂಡಿ ಹಾಕೋದು ನನಗಿಂತ ಚೆನ್ನಾಗಿ ಬರುತ್ತಿತ್ತಲ್ಲೇ ನಿನಗೆ, ನೆಪ ಹುಡುಕಿಕೊಂಡು ಬಂದಿದ್ದಾಳೆ, ಬಂದೇಬಿಟ್ಟಿದ್ದಾಳೆ, ಬಲಗಾಲು ಹೊಸ್ತಿಲ ಮೇಲೆ ಎತ್ತಿ, ಅಲ್ಲೇ ತಡೆದು — ಅಪ್ಪಣೆ, ಅಂದಳು.

ಹಿಮ್ಮಡಿ ಗಾಳಿಯಲ್ಲಿ. ಆಗಲಿ ಅಂದರೆ ಮುಗಿಯಿತು, ಒಳಗೆ ಬರುತ್ತಾಳೆ, ಮಾತು ನಾಲಿಗೆ ತುದಿಯಲ್ಲೇ ಇದೆ, ಆದರೆ ಅಂದದ್ದೇ ತಾನೂ ಅವರಲ್ಲೊಬ್ಬಳು, ಇವಳ ಉಸಿರಿಗೆ ಇನ್ನೊಬ್ಬ ಯಜಮಾನಿ, ಅನ್ನದಿದ್ದರೆ ಇವಳ ಲೆಕ್ಕದಲ್ಲಿ ಬೇಡವೆಂದೇ ಅರ್ಥ, ಹೋಗುತ್ತಾಳೆ, ಹೋದರೆ ಮತ್ತೆ ಬರುವವಳಲ್ಲ, ಹಿಮ್ಮಡಿ ಇನ್ನೂ ಗಾಳಿಯಲ್ಲೇ, ನಿನಗೇನು ಬೇಕು ಅಂತ ಕೇಳಲೇ, ಬೆಪ್ಪಾಗಿ ನಿಲ್ಲುತ್ತಾಳೆ, ನಾನೂ ನಿಂತಿದ್ದೆನಲ್ಲ, ದೇವರೇ ಆ ಹಿಮ್ಮಡಿ, ಎಷ್ಟು ಬಿರುಕು, ಚಿಕ್ಕವಳಿದ್ದಾಗ ಅದಕ್ಕೆ ಎಣ್ಣೆ ತಿಕ್ಕುತ್ತಿದ್ದವಳು ನಾನು, ಕಚಗುಳಿ ಆಗ್ತದೆ ಬಿಡೇ ಎಂದು ಒದೆಯುತ್ತಿದ್ದವಳು ಇವಳು, ಬಾಯಿ ತಾನಾಗಿ ತೆರೆಯಿತು — ಥೂ ಹಾಳಾದವಳೇ, ಕಾಲು ಹೆಂಗೆ ಒಡಕೊಂಡಿದ್ದೀಯೇ, ನೋಡಕ್ಕಾಗಲ್ಲ! ಅಯ್ಯಯ್ಯೋ ಏನಂದೆ, ಬೈದೆನಲ್ಲ, ತಂಗಿ ಕಣ್ಣು ಪಿಳಿಪಿಳಿ ಮಾಡುತ್ತಿದ್ದಾಳೆ, ಸಭೆ ಕಲಿಸಿದ್ದರಲ್ಲಿ ಇದಕ್ಕೆ ಉತ್ತರವೇ ಇಲ್ಲ, ಮುಖ ಕೆಂಪಾಯಿತು, ಓಹೋಹೋ, ನಿನ್ ಕಾಲೇನು ಬೆಣ್ಣೆಯಾ — ಅನ್ನುತ್ತ ಅನ್ನುತ್ತಲೇ ಹಿಮ್ಮಡಿ ಇಳಿಯಿತು, ಹೊಸ್ತಿಲಿನ ಈಚೆ, ಬಟ್ಟೆ ಚೂರುಗಳ ಮೇಲೆ, ಬಿರುಕು ಬಿಟ್ಟ ಹಿಮ್ಮಡಿ, ಒಳಗೆ.