ಸುಕ್ಕು ಮೊದಲು, ಮುಖ ಆಮೇಲೆ

ದಿಂಬಿನ ಮೇಲೆ ಗಾಜು, ಗಾಜಿನ ಮೇಲೆ ದಿಂಬು, ಅದರ ಮೇಲೆ ಮತ್ತೊಂದು ಗಾಜು. ಹೀಗೆ ಪೇರಿಸುತ್ತಿದ್ದಾಗ ಯಾಲ್ಜಾಳ ಕೈಯಲ್ಲೇ ಒಂದು ದಿಂಬಿನ ಹೊಲಿಗೆ ಬಿಚ್ಚಿಕೊಂಡಿತು. ಹೆಬ್ಬಾತಿನ ಪುಕ್ಕ ಕೋಣೆಯ ತುಂಬ ಹಾರಿ, ಒಲೆಯ ಮೇಲೆ, ಗೋಡೆಯ ಶಿಲುಬೆಯ ಮೇಲೆ, ಅವಳ ತಲೆವಸ್ತ್ರದ ಮೇಲೆ ನಿಧಾನವಾಗಿ ಇಳಿಯತೊಡಗಿತು. ಅವಳು ಹಿಡಿಯಲು ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಎಲ್ಲ ಇಳಿಯುವ ತನಕ ಕಾದಳು. ಪುಕ್ಕವನ್ನು ಅಟ್ಟಿಸಿಕೊಂಡು ಹೋದರೆ ಅದು ಇನ್ನೂ ಹಾರುತ್ತದೆ ಎಂದು ಆ ಸೀಮೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಳಿದ ಮೇಲೆ ಗುಡಿಸಿ, ತುಂಬಿ, ಸೂಜಿ ದಾರ ಹುಡುಕಿ ಹೊಲಿದಳು. ಮದುವೆಯಲ್ಲಿ ತವರಿನಿಂದ ಬಂದ ದಿಂಬು ಅದು. ಅದರ ಮೇಲೆ ತಲೆಯಿಟ್ಟು ಎಷ್ಟು ಕಾಲವಾಯಿತೋ. ಗಂಡ ಬ್ಲಾಜ್ ತೀರಿಕೊಂಡಾಗಿನಿಂದ ಮನೆಯ ದಿಂಬುಗಳೆಲ್ಲ ಅವನು ಗಾಜಿನ ಮೇಲೆ ಬರೆದ ಚಿತ್ರಗಳ ಸೇವೆಗೆ ನಿಂತಿದ್ದವು. ಒಂದು ಊರಿನ ಪ್ರದರ್ಶನ ಮುಗಿಯುವುದರೊಳಗೆ ಇನ್ನೊಂದು ಊರಿನ ಕರೆ ಬರುತ್ತಿತ್ತು. ಕಟ್ಟುವುದು, ಬಿಚ್ಚುವುದು, ಮತ್ತೆ ಕಟ್ಟುವುದು ಯಾಕೆಂದು ಅವಳು ದಿಂಬುಗಳನ್ನು ಗಾಜುಗಳ ಜೊತೆಗೇ ಬಿಟ್ಟಿದ್ದಳು. ಬ್ಲಾಜ್‌ನ ಹಳೆಯ ಕೋಟನ್ನು ಮಡಿಸಿ ತಲೆಯಡಿ ಇಟ್ಟುಕೊಂಡು ಮಲಗುತ್ತಿದ್ದಳು. ಕೋಟಿನ ಗುಂಡಿ ಕೆನ್ನೆಗೆ ಒತ್ತಿ ಬೆಳಿಗ್ಗೆ ಗುರುತು ಉಳಿಯುತ್ತಿತ್ತು.

ಅಂಗಳದಲ್ಲಿ ಕಾರಿನ ಸದ್ದಾಯಿತು. ಇಂಬ್ರೊ ಬಂದ. ಊರಿನ ಅಗ್ನಿಶಾಮಕ ದಳಕ್ಕೆ ಅವನೇ ಮುಖ್ಯಸ್ಥ. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಗಂಟಲು.

"ಯಾಲ್ಜಕ್ಕಾ, ಏನೇ ಇದು, ಈ ವಯಸ್ಸಲ್ಲಿ ಹಾಸಿಗೆ ದಿಂಬು ಕಟ್ಕೊಂಡು ಯಾರ ಮನೆಗೆ ಹೊರಟೆ?"

"ನಿನ್ನ ಮನೆಗೇ ಬರ್ತೀನಿ ಕಣೋ, ನಿನ್ನ ಹೆಂಡ್ತೀನ ಕೇಳ್ಕೊಂಡು ಬಾ," ಎಂದಳು ಯಾಲ್ಜಾ. "ಆ ಕಡೆ ಹಿಡಿ. ಮೆಲ್ಲಗೆ. ಹಂದಿ ಹೊತ್ತ ಹಾಗೆ ಹೊರಬೇಡ."

ಕಾರಿನ ಹಿಂದೆ ಕಟ್ಟಿದ್ದ ಗಾಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಕಟ್ಟುಗಳನ್ನು ಇಟ್ಟರು. ಯಾಲ್ಜಾ ಒಳಗೆ ಹೋಗಿ ಕೊನೆಯ ಕಟ್ಟನ್ನು ತಾನೇ ಎತ್ತಿಕೊಂಡು ಬಂದಳು. ಅದನ್ನು ಇಂಬ್ರೊನ ಕೈಗೆ ಕೊಡಲಿಲ್ಲ. ಮಡಿಲಲ್ಲೇ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು.

"ಅದನ್ನ ಯಾವತ್ತೂ ತೋರಿಸೋದಿಲ್ಲ, ಆದ್ರೂ ಎಲ್ಲ ಕಡೆ ಹೊತ್ಕೊಂಡ್ ಬರ್ತೀಯಲ್ಲ," ಎಂದ ಇಂಬ್ರೊ.

"ಮನೇಲಿ ಬಿಟ್ರೆ ಯಾರಿದಾರೆ ನೋಡ್ಕೊಳ್ಳೋಕೆ?"

ಇಂಬ್ರೊ ಕಾರು ಹೊರಡಿಸಿದ. ಆ ಗಾಜಿಗೆ ಚೌಕಟ್ಟು ಹಾಕಿಕೊಟ್ಟವನು ಅವನೇ.

ಗಾಜಿನ ಮೇಲೆ ಚಿತ್ರ ಬರೆಯುವವರ ಲೋಕ ತಿರುಗುಮುರುಗು. ಬರೆಯುವುದು ಗಾಜಿನ ಹಿಂಬದಿಗೆ, ನೋಡುವುದು ಮುಂಬದಿಯಿಂದ. ಹಾಗಾಗಿ ಎಲ್ಲಕ್ಕಿಂತ ಮುಂದೆ ಕಾಣಬೇಕಾದ್ದನ್ನು ಎಲ್ಲಕ್ಕಿಂತ ಮೊದಲು ಬರೆಯಬೇಕು. ಮೊದಲು ಕೋಳಿಯ ಕಣ್ಣು, ಆಮೇಲೆ ಕೋಳಿ, ಆಮೇಲೆ ಬೇಲಿ, ಆಮೇಲೆ ಹಿಮ, ಕಟ್ಟಕಡೆಗೆ ಆಕಾಶ. ಒಮ್ಮೆ ತಪ್ಪಿದರೆ ಮೇಲೆ ಬಳಿದು ಮುಚ್ಚುವ ಹಾಗಿಲ್ಲ. ಬ್ಲಾಜ್ ಬೇಸಿಗೆ ಹೊಲ, ಚಳಿಗಾಲ ಗಾಜು ಎಂದು ಬದುಕಿದವನು. ಊರಿನ ಹೆಬ್ಬಾತು, ಊರಿನ ಹೆಣ, ಊರಿನ ಮದುವೆ, ಎಲ್ಲವನ್ನೂ ಬರೆದ. ಹೆಂಡತಿಯನ್ನು ಮಾತ್ರ ಬರೆದಿರಲಿಲ್ಲ.

"ನನ್ನ ಯಾವಾಗ ಬರೀತೀಯ?" ಎಂದು ಅವಳು ಎಳೆಯ ಪ್ರಾಯದಲ್ಲೇ ಕೇಳಿದ್ದಳು.

"ತಾಳೇ. ನಯವಾದ ಮುಖದಲ್ಲಿ ಬರೆಯೋದಕ್ಕೇನಿದೆ? ನಾಲ್ಕು ಸುಕ್ಕು ಬರಲಿ."

ಸುಕ್ಕು ಬಂದವು. ಬ್ಲಾಜ್ ತನ್ನ ಕೊನೆಯ ಚಳಿಗಾಲದಲ್ಲಿ ಅವಳನ್ನು ಒಲೆಯ ಪಕ್ಕ ಕೂರಿಸಿ ಶುರುಮಾಡಿದ. ತಲೆವಸ್ತ್ರದ ಚುಕ್ಕಿ, ಹುಬ್ಬಿನ ಕೂದಲು, ಕಣ್ಣಿನ ಕಪ್ಪು, ಆಮೇಲೆ ಸುಕ್ಕುಗಳು, ಒಂದೊಂದಾಗಿ. ಮುಖದ ಬಣ್ಣ ಕಲಸುವ ಮುನ್ನ ಅವನನ್ನು ಆಸ್ಪತ್ರೆಗೆ ಒಯ್ದರು. ಹಾಗಾಗಿ ಆ ಗಾಜಿನಲ್ಲಿ ಯಾಲ್ಜಾಳ ಸುಕ್ಕುಗಳಿದ್ದವು, ಯಾಲ್ಜಾ ಇರಲಿಲ್ಲ. ಗೋಡೆಯ ಮುಂದೆ ಹಿಡಿದರೆ ಗೋಡೆ ಕಾಣುತ್ತಿತ್ತು, ಒಲೆಯ ಮುಂದೆ ಹಿಡಿದರೆ ಒಲೆ.

ಆಸ್ಪತ್ರೆಯಲ್ಲಿ ಬ್ಲಾಜ್ ಅವಳ ಕೈ ಹಿಡಿದು ಒಂದು ಮಾತು ತೆಗೆದುಕೊಂಡಿದ್ದ. "ನನ್ನ ಗಾಜುಗಳನ್ನ ಪಟ್ಟಣದ ಗ್ಯಾಲರಿಗೆ ಹಾಕಬೇಡ ಕಣೇ. ಅಲ್ಲಿ ಜನ ಕೈ ಹಿಂದೆ ಕಟ್ಕೊಂಡು, ಕೆಮ್ಮಿದ್ರೂ ತಪ್ಪು ಅನ್ನೋ ಹಾಗೆ ನೋಡ್ತಾರೆ. ಜನ ತಿಂದು ಕುಡಿದು ಗಲಾಟೆ ಮಾಡೋ ಕಡೆ ತೂಗುಹಾಕು."

"ಹೂಂ," ಎಂದಿದ್ದಳು ಅವಳು. ಸಾಯುವವನಿಗೆ ಇಲ್ಲ ಎನ್ನುವುದುಂಟೆ?

ಆ ಒಂದು ಹೂಂ ಅವಳನ್ನು ಊರೂರು ತಿರುಗಿಸಿತು. ಕುಂಬಳಕಾಯಿ ಹಬ್ಬ, ಚರ್ಚಿನ ಹಬ್ಬ, ಬೇಟೆಗಾರರ ಸಂಘ, ಶಾಲೆಯ ಊಟದ ಕೋಣೆ. ಎಲ್ಲ ಕಡೆಯೂ ಅದೇ ಭಾಷಣ, ಅದೇ ತಂಬುರಿ ಮೇಳದವರ ಅದೇ ಮೂರು ಹಾಡು. ಎಲ್ಲ ಕಡೆಯೂ ಒಬ್ಬ ಹೆಂಗಸು ಬಂದು, "ಯಾಲ್ಜತ್ತೆ, ಪ್ರದರ್ಶನಕ್ಕೆ ಬರ್ತಾ ನಿಮ್ಮ ಕೈಯ ಅಕ್ರೋಟಿನ ಸುರುಳಿ ರೊಟ್ಟೀನೂ ಎರಡು ತನ್ನಿ," ಎನ್ನುವಳು. ಗಾಜು ಅವನದು, ರೊಟ್ಟಿ ಇವಳದು. ಜನ ರೊಟ್ಟಿಯನ್ನೇ ಹೆಚ್ಚು ಹೊಗಳುತ್ತಿದ್ದರು.

ಹೋದ ವರ್ಷ ಈಸ್ಟರ್ ಹೊತ್ತಿಗೆ ಪಟ್ಟಣದ ಗ್ಯಾಲರಿಯಿಂದ, ಅಲ್ಲಿನ ಹುಡುಗಿಯೊಬ್ಬಳ ಸಹಿಯಿದ್ದ ಕಾಗದ ಬಂತು. ಚಿತ್ರಗಳನ್ನೆಲ್ಲ ತಮಗೆ ಒಪ್ಪಿಸಿದರೆ ಬ್ಲಾಜ್‌ನ ಹೆಸರಿನಲ್ಲಿ ಒಂದು ಕೋಣೆ ಮಾಡಿ ಶಾಶ್ವತವಾಗಿ ಕಾಪಾಡುತ್ತೇವೆ, ಅಪೂರ್ಣವಾಗಿ ಉಳಿದಿದೆಯೆಂದು ಕೇಳಿದ ಆ ಭಾವಚಿತ್ರವೂ ಅದರಲ್ಲಿರಲಿ ಎಂದು ಬರೆದಿದ್ದರು. ಯಾಲ್ಜಾ ಕಾಗದವನ್ನು ಹಿಟ್ಟಿನ ಡಬ್ಬಿಯ ಹಿಂದೆ ಸಿಕ್ಕಿಸಿದಳು, ಆಮೇಲೆ ಬಂದ ಜ್ಞಾಪನೆಯ ಕಾಗದಗಳನ್ನೂ ಅಲ್ಲೇ. ಉತ್ತರ ಬರೆಯಲು ಎಷ್ಟೋ ಸಲ ಕೂತಳು. "ಮಾನ್ಯರೇ" ಎಂದು ಬರೆದ ಮೇಲೆ ಪೆನ್ನು ಮುಂದಕ್ಕೆ ಹೋಗುತ್ತಿರಲಿಲ್ಲ. ಕೊಟ್ಟರೆ ಮಾತು ಮುರಿಯುತ್ತದೆ, ಕೊಡದಿದ್ದರೆ ಸೊಂಟ ಮುರಿಯುತ್ತದೆ. ಕಳೆದ ಶರತ್ಕಾಲದಲ್ಲಿ ಒಂದು ಗಾಜು ದಾರಿಯಲ್ಲೇ ಬಿರುಕು ಬಿಟ್ಟಿತ್ತು. ಇನ್ನೊಂದನ್ನು ಬೇಟೆಗಾರರ ಸಭಾಂಗಣದಲ್ಲಿ ಯಾರೋ ಕುಡಿದವನು ಒರಗಿ ಒಡೆದಿದ್ದ. ಹೀಗೇ ಹೋದರೆ ತಾನು ಮೊದಲೋ ಗಾಜುಗಳು ಮೊದಲೋ ಎಂದು ಅವಳಿಗೆ ಅನ್ನಿಸುತ್ತಿತ್ತು.

ಈ ಸಲ ಪ್ರದರ್ಶನ ಜನವರಿಯ ವಿನ್ಸೆಂಟ್ ಸಂತರ ದಿನ, ತಮ್ಮೂರಿನಲ್ಲೇ, ಅಗ್ನಿಶಾಮಕ ದಳದ ಸಭಾಂಗಣದಲ್ಲಿ. ಬೆಳಿಗ್ಗೆ ಗಂಡಸರು ಬೆಟ್ಟದ ದ್ರಾಕ್ಷಿ ತೋಟಕ್ಕೆ ಹೋಗಿ, ಬೆಳೆ ಚೆನ್ನಾಗಿ ಬರಲೆಂದು ಬಳ್ಳಿಗೆ ಮಾಂಸದ ಸಾಸೇಜು ಕಟ್ಟಿ, ಬುಡಕ್ಕೆ ವೈನು ಸುರಿದು, ಒಂದು ಕಡ್ಡಿ ಕತ್ತರಿಸಿಕೊಂಡು ಬರುತ್ತಾರೆ. ಆಮೇಲೆ ಊರಿಗೆಲ್ಲ ಸಭಾಂಗಣದಲ್ಲಿ ಊಟ. ಇಂಬ್ರೊ ಚಿತ್ರಗಳನ್ನು ತೂಗುಹಾಕಿಸುತ್ತಿದ್ದ. ಯಾಲ್ಜಾ ಅಡುಗೆಮನೆಯಲ್ಲಿ ನೆರೆಮನೆಯ ಸ್ಲಾವಿಟ್ಸಾಳ ಜೊತೆ ರೊಟ್ಟಿ ಕೊಯ್ಯುತ್ತಿದ್ದಳು.

"ನಿನ್ನ ಮುಖ ಯಾಕಕ್ಕಾ ಹೀಗಿದೆ?" ಎಂದಳು ಸ್ಲಾವಿಟ್ಸಾ. "ಕೆನ್ನೆ ಮೇಲೆ ಗುಂಡಿ ಅಚ್ಚು ಬಿದ್ದಿದೆ."

"ದಿಂಬಿಲ್ಲ."

"ಪ್ರಪಂಚದ ದಿಂಬೆಲ್ಲ ನಿನ್ನ ಮನೇಲೇ ಇವೆ!"

"ಅದಕ್ಕೇ."

ಸಭಾಂಗಣದಿಂದ ನಗೆ ಕೇಳಿಸಿತು. ಮೊದಲು ಒಬ್ಬರದು, ಆಮೇಲೆ ಹಲವರದು. ಯಾಲ್ಜಾ ತಟ್ಟೆ ಹಿಡಿದು ಹೊರಗೆ ಬಂದವಳು ಬಾಗಿಲಲ್ಲೇ ನಿಂತಳು.

ಮಡಿಲಲ್ಲಿ ತಂದ ಕಟ್ಟನ್ನು ಅವಳು ಕುರ್ಚಿಯ ಮೇಲೆ ಇಟ್ಟು ಒಳಗೆ ಹೋಗಿದ್ದಳು. ಸಹಾಯಕ್ಕೆಂದು ಬಂದ ಹೆಂಗಸರು ಉಳಿದ ಕಟ್ಟುಗಳ ಜೊತೆ ಅದನ್ನೂ ಬಿಚ್ಚಿದ್ದರು. ಗೋಡೆಯಲ್ಲಿ ಮೊಳೆ ಉಳಿದಿರಲಿಲ್ಲ. ಅರ್ಧ ಖಾಲಿ ಗಾಜಲ್ಲವೆ, ಬೆಳಕು ಹಾಯಲಿ ಎಂದು ಕಿಟಕಿಯ ಚಿಲಕಕ್ಕೇ ನೇತುಹಾಕಿಬಿಟ್ಟಿದ್ದರು. ಗಾಜಿನ ಆಚೆಗೆ ಹಿಮ, ಹಿಮದಲ್ಲಿ ಸಿಗರೇಟು ಸೇದಲು ಹೋದ ಇಂಬ್ರೊ. ಅವನು ಒಳಗೆ ಇಣುಕಿ ನೋಡಲು ಕಿಟಕಿಗೆ ಮೂಗು ಒತ್ತಿದ್ದ. ಯಾಲ್ಜಾಳ ತಲೆವಸ್ತ್ರ, ಯಾಲ್ಜಾಳ ಸುಕ್ಕುಗಳು, ನಡುವೆ ಇಂಬ್ರೊನ ಕೆಂಪು ಮುಖ, ದೊಡ್ಡ ಮೀಸೆ.

"ಯಾಲ್ಜಕ್ಕ ಮೀಸೆ ಬಿಟ್ಟವ್ಳೆ!" ಎಂದು ಯಾರೋ ಕೂಗಿದರು.

ಇಂಬ್ರೊನಿಗೆ ಹೊರಗೆ ಏನೂ ಗೊತ್ತಿರಲಿಲ್ಲ. ಜನ ತನ್ನನ್ನು ನೋಡಿ ನಗುತ್ತಿದ್ದಾರೆ ಎಂದು ತಿಳಿದು ಅವನೂ ಹಲ್ಲು ಬಿಟ್ಟ. ನಗೆ ಇನ್ನೂ ಜೋರಾಯಿತು.

ಯಾಲ್ಜಾ ತಟ್ಟೆಯನ್ನು ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟಳು. "ತೆಗೀರಿ ಅದನ್ನ," ಎಂದಳು. ಆದರೆ ತಂಬುರಿಯವರು ಶುರುಮಾಡಿದ್ದರು, ಯಾರಿಗೂ ಕೇಳಿಸಲಿಲ್ಲ. ಕಿಟಕಿಯವರೆಗೆ ನಡೆದು ಹೋಗಿ ತಾನೇ ಇಳಿಸಬೇಕು. ನಡುವೆ ಜನ, ಬೆಂಚು, ಬಟ್ಟಲು. ಹತ್ತಿರದ ಬೆಂಚಿನ ತುದಿಯಲ್ಲಿ ಕೂತುಬಿಟ್ಟಳು. ಪುಕ್ಕ ಇಳಿಯಲಿ ಎಂದು ಬೆಳಿಗ್ಗೆ ಕೂತ ಹಾಗೆ.

ಅಷ್ಟರಲ್ಲಿ ಸುದ್ದಿ ಹೊರಗೆ ಮುಟ್ಟಿತ್ತು. ಕಿಟಕಿಯ ಆಚೆ ಜನ ಸಾಲು ನಿಂತರು. ಬೇಕರಿಯವನು ಬಂದು ಯಾಲ್ಜಾಳ ಸುಕ್ಕಿನೊಳಗೆ ಮುಖ ಇಟ್ಟ. ಅವನ ಹೆಂಡತಿ ಒಳಗಿನಿಂದ, "ಅಯ್ಯೋ, ನನ್ನತ್ತೆ ಥೇಟ್ ಹೀಗೇ ಇದ್ರು!" ಎಂದಳು. ಆಮೇಲೆ ಪಾದ್ರಿಗಳು. ಆಮೇಲೆ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು. ಅವಳ ನುಣುಪು ಕೆನ್ನೆಯ ಮೇಲೆ ಆ ಗೆರೆಗಳು ಬಿದ್ದಾಗ ಸಭಾಂಗಣದಲ್ಲಿ ನಗೆ ಸ್ವಲ್ಪ ತಗ್ಗಿತು.

"ಇನ್ನು ನಲವತ್ತು ವರ್ಷಕ್ಕೆ ಇದೇ ಗತಿ ಕಣಯ್ಯ," ಎಂದು ಅವಳ ಗಂಡನನ್ನು ಯಾರೋ ತಿವಿದರು.

"ಇರ್ಲಿ ಬಿಡಿ, ಚೆನ್ನಾಗೇ ಇದೆ," ಎಂದ ಗಂಡ.

ಜನ ರೊಟ್ಟಿ ಮರೆತಿದ್ದರು. ಯಾಲ್ಜಾ ನೋಡುತ್ತಿದ್ದಳು. ಇಷ್ಟು ಪ್ರದರ್ಶನಗಳಲ್ಲಿ ಒಂದರಲ್ಲೂ ಜನ ಬ್ಲಾಜ್‌ನ ಗಾಜಿನ ಮುಂದೆ ಹೀಗೆ ನಿಂತಿರಲಿಲ್ಲ. ಬರುತ್ತಿದ್ದರು, ತಲೆಯಾಡಿಸುತ್ತಿದ್ದರು, ತಟ್ಟೆಯ ಕಡೆ ತಿರುಗುತ್ತಿದ್ದರು. ಬ್ಲಾಜ್ ಕೇಳಿದ್ದ ಗಲಾಟೆ ಇದೇ ಇರಬೇಕು. ಉಳಿದ ಚಿತ್ರಗಳೆಲ್ಲ ಮುಗಿದಿದ್ದವು. ಅವುಗಳೊಳಗೆ ಹೋಗಲು ಯಾರಿಗೂ ಜಾಗವಿರಲಿಲ್ಲ.

ಇಂಬ್ರೊ ಒಳಗೆ ಬಂದು ಅವಳ ಮುಂದೆ ಟೋಪಿ ಹಿಡಿದು ನಿಂತ. ಈಗ ಅವನಿಗೂ ವಿಷಯ ಗೊತ್ತಾಗಿತ್ತು.

"ಅಕ್ಕಾ, ನನಗೆ ಗೊತ್ತಿರ್ಲಿಲ್ಲ. ಈಗ್ಲೇ ಇಳಿಸ್ತೀನಿ."

"ಬೇಡ."

"ಕೋಪ ಬಂತಾ?"

"ಬಂದಿತ್ತು. ಎದ್ದು ಹೋಗಿ ಕೋಪ ಮಾಡೋಕೆ ತ್ರಾಣ ಬೇಕಲ್ಲ." ಅವಳು ಕಿಟಕಿಯ ಕಡೆ ನೋಡಿದಳು. "ನಿನ್ನ ಮೀಸೆ ನನಗೆ ಒಪ್ಪಲ್ಲ ಕಣೋ. ಒಂದು ಮಾತು ಹೇಳು, ಆ ಕಿಟಕಿ ಯಾರ್ದು?"

"ದಳದ್ದು."

"ಆ ಗಾಜು ಅಲ್ಲೇ ಇರ್ಲಿ ಅಂದ್ರೆ?"

"ಅಲ್ಲೇ ಅಂದ್ರೆ, ಎಷ್ಟು ದಿನ?"

"ಕಿಟಕಿ ಇರೋ ತನಕ. ಚಳಿಗೆ ಬೆವರು ಕಟ್ಟುತ್ತೆ, ಕಿಟಕಿಗೂ ಅದಕ್ಕೂ ನಡುವೆ ಒಂದು ಮರದ ಪಟ್ಟಿ ಹೊಡೆದು ದೂರ ಮಾಡು. ಬಿಸಿಲಿಗೆ ಪರದೆ ಹಾಕು. ಒಡೆದ್ರೆ ನಿನ್ನ ಮೀಸೆ ಕೀಳ್ತೀನಿ."

ಇಂಬ್ರೊ ಟೋಪಿ ಹಾಕಿಕೊಂಡ, ಮತ್ತೆ ತೆಗೆದ. "ಬೆಂಕಿ ಬಿದ್ರೂ ಅದನ್ನೇ ಮೊದ್ಲು ಹೊರಗೆ ತರ್ತೀನಿ ಅಕ್ಕಾ."

"ಮೊದ್ಲು ಜನರನ್ನ ತಾರೋ," ಎಂದಳು.

ಮರುದಿನ ಮನೆಗೆ ಬಂದ ಕಟ್ಟುಗಳನ್ನು ಅವಳು ಬಿಚ್ಚಿದಳು. ಗಾಜುಗಳನ್ನು ಗೋಡೆಗೆ ಸಾಲಾಗಿ ಒರಗಿಸಿ ಇಟ್ಟಳು. ಒಂದೊಂದನ್ನೂ ನೋಡಿದಳು: ಹಿಮದಲ್ಲಿ ಹೆಣ ಹೊತ್ತವರು, ಹೆಬ್ಬಾತು ಹಿಡಿದ ಹೆಂಗಸು, ನೆರೆಯಲ್ಲಿ ಮುಳುಗಿದ ಹೊಲ. ಎಲ್ಲಕ್ಕೂ ಅವನು ಆಕಾಶ ಬಳಿದು ಮುಗಿಸಿದ್ದ. ಮುಗಿದವು ಸುರಕ್ಷಿತವಾಗಿ ಒಂದು ಕಡೆ ಇರಲಿ. ಅವನಿಗೆ ಕೊಟ್ಟ ಮಾತಿಗೆ ಒಂದು ಗಾಜು ಸಾಕು. ಸಾಲದು ಎಂದು ಅವನು ಹೇಳುವುದಿದ್ದರೆ ತಾನು ಅವನಿದ್ದಲ್ಲಿಗೆ ಹೋದಾಗ ಹೇಳಲಿ, ಕೇಳಿಸಿಕೊಂಡರಾಯಿತು.

ಹಿಟ್ಟಿನ ಡಬ್ಬಿಯ ಹಿಂದಿನಿಂದ ಕಾಗದ ತೆಗೆದು, ಹಿಟ್ಟು ಒದರಿ, ಮೇಜಿನ ಮುಂದೆ ಕೂತಳು. ಈ ಸಲ "ಮಾನ್ಯರೇ" ಎಂದು ಬರೆಯಲಿಲ್ಲ.

"ಗ್ಯಾಲರಿಯ ಮಗಳೇ, ಉತ್ತರ ತಡವಾಯಿತು, ನನಗೆ ದಣಿವಾಗಿತ್ತು. ಚಿತ್ರಗಳನ್ನು ಕೊಡುತ್ತೇನೆ. ನೀವೇ ಗಾಡಿ ತಂದು ಒಯ್ಯಿರಿ. ಸುತ್ತುವುದಕ್ಕೆ ಬಟ್ಟೆಯೋ ಹುಲ್ಲೋ ನೀವೇ ತನ್ನಿ, ನನ್ನ ದಿಂಬುಗಳನ್ನು ಕೊಡುವುದಿಲ್ಲ. ಬ್ಲಾಜ್‌ನ ಕೋಣೆಯಲ್ಲಿ ಜನ ಜೋರಾಗಿ ಮಾತಾಡಿದರೆ ಸುಮ್ಮನಿರಿಸಬೇಡಿ. ಮುಖವಿಲ್ಲದ ಗಾಜನ್ನು ಕೇಳಬೇಡಿ. ಅದಕ್ಕೆ ಜಾಗ ಸಿಕ್ಕಿದೆ. ನೋಡಬೇಕಾದರೆ ಊಟದ ಹೊತ್ತಿಗೆ ಬನ್ನಿ."

ಲಕೋಟೆಯ ಅಂಟು ನೆಕ್ಕಿ ಮುಚ್ಚಿ, ಕೋಟು ಹಾಕಿಕೊಂಡು ಗೇಟಿನ ಹತ್ತಿರ ನಿಂತಳು. ಅಂಚೆಯ ಹೆಂಗಸು ಮೊಪೆಡ್ಡಿನಲ್ಲಿ ಹಿಮದ ಕೆಸರು ಹಾರಿಸುತ್ತಾ ಬಂದು ಕಾಲೂರಿ ನಿಂತಳು.

"ಏನ್ ಯಾಲ್ಜತ್ತೆ, ಇವತ್ತು ನಿಮಗೇನೂ ಇಲ್ಲ."

"ನನ್ನ ಹತ್ರ ಇದೆ."

ಅಂಚೆಯವಳು ವಿಳಾಸ ಓದಿ ಹುಬ್ಬೇರಿಸಿದಳು. "ಅಬ್ಬಾ! ಅವರ ಜ್ಞಾಪನೆ ಕಾಗದ ತಂದು ತಂದು ನಾನೇ ಸೋತಿದ್ದೆ. ಅಂಚೆಚೀಟಿ ಸೊಟ್ಟ ಅಂಟಿಸಿದ್ದೀರಿ."

"ಹೋಗತ್ತಾ?"

"ಹೋಗತ್ತೆ."

ಅವಳು ಕಾಗದವನ್ನು ಚೀಲಕ್ಕೆ ಹಾಕಿ, ಬಕ್ಕಲ್ ಬಿಗಿದು, ಮೊಪೆಡ್ ತಿರುಗಿಸಿದಳು.