ರಸಮೇವಿನ ಯಜಮಾನರು

ಯಾವ ಸಂಗತಿಯೇ ಆಗಲಿ, ಮೂಗನ್ನು ಕೇಳದೆ ಒಪ್ಪಿಕೊಂಡವರಲ್ಲ ಕೊಟ್ಟಿಗೆಯ ಯಜಮಾನರು. ಹೊಸ ಹಗ್ಗವಾಗಲಿ, ಮಗಳು ಕೊಂಡ ಛತ್ರಿಯಾಗಲಿ, ಅಳಿಯನಾಗಬೇಕಿದ್ದವನ ಅಂಗಿಯಾಗಲಿ, ಸಣ್ಣಗೆ ಒಮ್ಮೆ ಮೂಸಿ, ಕಣ್ಣು ಅರೆಮುಚ್ಚಿ, ಆಮೇಲೆ ‘ಆಗಬಹುದು’ ಎನ್ನುವರು. ಅವರ ಕಂದು ಕೋಟಂತೂ ರಸಮೇವಿನ ಹುಳಿಯನ್ನು ಎಷ್ಟು ಹೀರಿತ್ತೆಂದರೆ, ಅವರಿಗಿಂತ ಮೊದಲೇ ಅವರ ಆಗಮನ ಮನೆಯೊಳಗೆ ಬಂದಿರುತ್ತಿತ್ತು. ಹೆಂಡತಿ ಆ ಕೋಟಿಗೆ ಜಗಲಿಯ ಮೊಳೆಯಿಂದಾಚೆ ಪ್ರವೇಶ ಕೊಟ್ಟಿರಲಿಲ್ಲ.

ಕಾಳು ಹಾಲು ತುಂಬಿದ ಜೋಳವನ್ನು ದಂಟುಸಮೇತ ಕತ್ತರಿಸಿ, ಗುಂಡಿಯಲ್ಲಿ ಒತ್ತಾಗಿ ತುಳಿಸಿ, ಗಾಳಿ ನುಸುಳದಂತೆ ಮುಚ್ಚಿ, ವಾರಗಟ್ಟಲೆ ಹುಳಿಯಲು ಬಿಟ್ಟ ಆ ಮೇವಿನ ಗುಣಾವಗುಣವನ್ನು ಅವರು ಪ್ರತಿ ಬೆಳಿಗ್ಗೆ ಒಂದು ಹಿಡಿ ಮೂಸಿಯೇ ನಿರ್ಧರಿಸುತ್ತಿದ್ದರು. ಹೀಗಿರಲು ಒಂದು ಜ್ವರ ಬಂದು ಹೋಯಿತು. ಚೇತರಿಸಿಕೊಂಡು ಗುಂಡಿಯ ಬಳಿ ಹೋದರೆ ಮೇವಿಗೆ ವಾಸನೆಯೇ ಇಲ್ಲ. ಹೊದಿಕೆ ಹರಿದಿರಬೇಕೆಂದು ಅಂಚನ್ನೆಲ್ಲ ತಡವಿದರು, ಬೀಜದವನು ಮೋಸಮಾಡಿದನೆಂದುಕೊಂಡರು, ಸಂಜೆ ಸಾಬೂನೂ ಸಪ್ಪೆಯಾದಾಗ ಅಂಗಡಿಯವನನ್ನೂ ಬೈದರು. ಚೆನ್ನಾಗಿದ್ದ ಮೇವನ್ನು ಒಂದು ದಿನ ತಿಪ್ಪೆಗೆ ಎಸೆದು, ಮರುದಿನ ಅನುಮಾನಿಸುತ್ತಲೇ ಇನ್ನೊಂದು ಮೂಲೆಯದನ್ನು ತುಂಬುಗಬ್ಬದ ಹಿರಿಯ ಹಸುವಿನ ಮುಂದೆ ಸುರಿದರು.

ಹಸು ಮುಖ ತಿರುಗಿಸಿತು. ಕೈಯಾರೆ ಬಾಯಿಗೆ ಹಿಡಿದರೂ ಹಿಂದೆ ಸರಿಯಿತು. ದಿಕ್ಕು ತೋಚದೆ ಹೆಂಡತಿಯನ್ನು ಕರೆದರು.

“ಮುಗ್ಗಿದ ವಾಸನೆ ಬರ್ತಿದೆಯಲ್ಲ, ನಿಮಗೆ ಗೊತ್ತಾಗ್ಲಿಲ್ವಾ?”

“ಏನೂ ಗೊತ್ತಾಗ್ತಿಲ್ಲ ಕಣೆ. ಮೇವಿನ ವಾಸನೆ ಹೋಯ್ತೋ, ನನ್ನ ಮೂಗೇ ಹೋಯ್ತೋ.”

ಆಕೆ ಗೋದಲಿಯನ್ನು ಬಳಿದು ಖಾಲಿ ಮಾಡಿದರು. ಅಂದಿನಿಂದ ಮೂಸುವ ಕೆಲಸ ಆಕೆಯದು, ವಿಚಾರಣೆ ಯಜಮಾನರದು.

“ಹುಳಿ ಸರಿಯಾಗಿದೆ.”

“ಎಂಥ ಹುಳಿ? ನಿಂಬೆದೋ, ಮೊಸರಿಂದೋ?”

“ಮೇವಿನ ಹುಳಿ ಕಣ್ರೀ. ಬಿಡಿ, ಹಸು ಕಾಯ್ತಿದೆ.”

ಹಸು ಸುಸೂತ್ರವಾಗಿ ಈಯಿತು. ಒದ್ದೆ ಕರುವಿನ ನೆತ್ತಿಗೆ ಮೂಗೊತ್ತಿ ಯಜಮಾನರು ಬಹಳ ಹೊತ್ತು ಕೂತಿದ್ದರು. ಕೊನೆಗೆ, “ಹೇಗಿದೆ, ಹೇಳು” ಎಂದರು.

ಆಕೆ ಬಾಗಿ ಮೂಸಿದರು. “ಹೇಗೆ ಹೇಳೋದು? ಎಷ್ಟು ಕರು ನೋಡಿದೀರಿ, ನಿಮಗೇ ಗೊತ್ತಲ್ಲ.”

ಗೊತ್ತೆಂದು ತಲೆಯಾಡಿಸಿದರು. ಆ ವಾಸನೆ ನಿಜಕ್ಕೂ ನೆನಪಿದೆಯೋ, ನೆನಪಿದೆಯೆಂಬ ನಂಬಿಕೆ ಮಾತ್ರ ಉಳಿದಿದೆಯೋ, ಅವರಿಗೇ ತಿಳಿಯಲಿಲ್ಲ.

ಒಂದೇ ಇಂದ್ರಿಯವನ್ನು ನಂಬಿ ಬಾಳಿದವರು ಅದು ಕೈಬಿಟ್ಟ ಮೇಲೂ ಅದನ್ನೇ ಮುಂದುಮಾಡಿಕೊಂಡು ಲೋಕದೆದುರು ನಿಲ್ಲುತ್ತಾರೆ. ಅದನ್ನು ಹಟವೆಂದು ನಗುವವರುಂಟು. ಹಾಗೆ ನಿಂತವರಿಗಾದರೋ, ದೂರ ಸರಿದದ್ದು ಲೋಕವೋ ತಾವೋ ಎಂಬುದು ಕಡೆಯವರೆಗೂ ಬಗೆಹರಿಯುವುದಿಲ್ಲ.